‘ಹ್ಯಾಸ್’ ಆಗಬೇಕಾ ‘ಹ್ಯಾವ್’ ಆಗಬೇಕಾ? ನೋಟಿಸಿನ ಮೂರು ಇಂಗ್ಲಿಷ್ ವಾಕ್ಯ ಸರಿಯುಂಟಾ ಹೇಳಿ

ಕಡಿಯಾಳಿ_ಕಚೇರಿ (ಉಡುಪಿ)

ನಮಸ್ಕಾರ. ಶಾಲೆಯ ನೋಟಿಸ್ ಬೋರ್ಡಿಗೆ ಹೋಗುವ ಮೂರು ವಾಕ್ಯಗಳ ಮೇಲೆ ಸ್ಟಾಫ್ ರೂಮಿನಲ್ಲಿ ಎರಡು ಪಾರ್ಟಿ ಆಗಿದೆ. ಒಂದಕ್ಷರ ಬದಲಿಸದೆ ಹಾಗೇ ಹಾಕುತ್ತೇನೆ.

ಒಂದು: ‘ದಿ ಲಿಸ್ಟ್ ಆಫ್ ಸ್ಟೂಡೆಂಟ್ಸ್ ಹೂ ಹ್ಯಾವ್ ಪಾಸ್ಡ್ ಹ್ಯಾವ್ ಬೀನ್ ಪುಟ್ ಅಪ್ ಆನ್ ದಿ ನೋಟಿಸ್ ಬೋರ್ಡ್ ಯೆಸ್ಟರ್‌ಡೇ.’

ಎರಡು: ‘ಬೀಯಿಂಗ್ ವಿಟ್ಲಪಿಂಡಿ ಟುಮಾರೋ, ದಿ ಆಫೀಸ್ ವಿಲ್ ರಿಮೇನ್ ಕ್ಲೋಸ್ಡ್.’ (ವಿಟ್ಲಪಿಂಡಿ ಅಂದರೆ ಕೃಷ್ಣಾಷ್ಟಮಿಯ ಮರುದಿನ ನಮ್ಮಲ್ಲಿ ಆಗುವ ಹಬ್ಬ.)

ಮೂರು: ‘ಇಟ್ ಈಸ್ ರಿಕ್ವೆಸ್ಟೆಡ್ ದ್ಯಾಟ್ ಎವ್ರಿ ಪೇರೆಂಟ್ ಅಟೆಂಡ್ ದಿ ಮೀಟಿಂಗ್.’

ಕಂಪ್ಯೂಟರ್ ಮೊದಲ ಎರಡಕ್ಕೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಮೂರನೆಯದಕ್ಕೆ ‘ಅಟೆಂಡ್ಸ್’ ಮಾಡಿ ಅಂತ ಹಠ ಹಿಡಿದಿದೆ. ಮೊದಲನೆಯದರಲ್ಲಿ ಎರಡೂ ‘ಹ್ಯಾವ್’ ‘ಹ್ಯಾಸ್’ ಆಗಬೇಕು ಅಂತ ಕೆಲವರು, ಎರಡೂ ಹಾಗೇ ಇರಲಿ ಅಂತ ಕೆಲವರು. ಸರಿ ಅಥವಾ ತಪ್ಪು ಅಂತ ಒಂದೇ ಮಾತು ಹೇಳಿ ಬಿಡಬೇಡಿ, ಹೇಗೆ ನೋಡಿ ಹೇಳಿದಿರಿ ಅಂತಲೂ ಬರೆಯಿರಿ. ಮುಂದಿನ ನೋಟಿಸಿಗೂ ಬೇಕಾಗ್ತದೆ.

ಹಂಪನಕಟ್ಟೆ_ಪ್ರೂಫ್ (ಮಂಗಳೂರು)

ಮೊದಲನೆಯದರಲ್ಲಿ ಎರಡು ತಪ್ಪು, ಎರಡನೆಯದರಲ್ಲಿ ಒಂದು. ಮೂರನೆಯದು ಸರಿ ಉಂಟು, ಅದನ್ನು ಮುಟ್ಟಬೇಡಿ.

ಒಂದು ಪೆನ್ಸಿಲ್ ತಗೊಳ್ಳಿ. ಮೊದಲ ವಾಕ್ಯದಲ್ಲಿ ‘ಹೂ’ ಇಂದ ‘ಪಾಸ್ಡ್’ವರೆಗೆ ಬ್ರ್ಯಾಕೆಟ್ ಹಾಕಿ. (ಶಂಕರಪುರದ ಮಲ್ಲಿಗೆ ಹೂ ಅಲ್ಲ ಮಾರಾಯ್ರೆ, ಇಂಗ್ಲಿಷಿನ ಹೂ.) ಆಮೇಲೆ ‘ಆಫ್ ಸ್ಟೂಡೆಂಟ್ಸ್’ಗೂ ಬ್ರ್ಯಾಕೆಟ್. ಉಳಿದದ್ದನ್ನು ಗಟ್ಟಿಯಾಗಿ ಓದಿ: ‘ದಿ ಲಿಸ್ಟ್ ಹ್ಯಾವ್ ಬೀನ್ ಪುಟ್ ಅಪ್’. ತಪ್ಪು ಅಂತ ನಾನು ಹೇಳುವುದೇ ಬೇಡ. ಬೋರ್ಡಿಗೆ ಹಾಕಿದ್ದು ಲಿಸ್ಟನ್ನು, ಮಕ್ಕಳನ್ನಲ್ಲ. ಹಾಗಾಗಿ ಎರಡನೆಯ ‘ಹ್ಯಾವ್’ ಏಕವಚನಕ್ಕೆ ಬರಬೇಕು.

ಈಗ ಮೊದಲ ‘ಹ್ಯಾವ್’. ಬ್ರ್ಯಾಕೆಟ್ಟಿನ ಒಳಗಿನದ್ದನ್ನು ಬೇರೆಯೇ ಒಂದು ವಾಕ್ಯ ಅಂತ ನೋಡಿ. ಪಾಸಾದದ್ದು ಯಾರು? ಸ್ಟೂಡೆಂಟ್ಸ್. ‘ಸ್ಟೂಡೆಂಟ್ಸ್ ಹ್ಯಾವ್ ಪಾಸ್ಡ್’. ಅದು ಸರಿ, ಅಲ್ಲಿ ಬದಲಾಯಿಸಲಿಕ್ಕೆ ಎಂತದೂ ಇಲ್ಲ. ನಿಮ್ಮ ಎರಡೂ ಪಾರ್ಟಿಗೆ ಅರ್ಧರ್ಧ ಮಾರ್ಕು.

ಎರಡನೆಯ ತಪ್ಪು ‘ಯೆಸ್ಟರ್‌ಡೇ’. ಮುಗಿದುಹೋದ ಹೊತ್ತನ್ನು ಹೆಸರಿಸಿದರೆ ‘ಹ್ಯಾಸ್ ಬೀನ್’ ನಿಲ್ಲುವುದಿಲ್ಲ. ‘ವಾಸ್ ಪುಟ್ ಅಪ್ ಯೆಸ್ಟರ್‌ಡೇ’ ಅನ್ನಿ, ಇಲ್ಲ ‘ಯೆಸ್ಟರ್‌ಡೇ’ ತೆಗೆದು ‘ಹ್ಯಾಸ್ ಬೀನ್ ಪುಟ್ ಅಪ್’ ಅನ್ನಿ.

ಎರಡನೆಯ ವಾಕ್ಯಕ್ಕೆ ಒಂದೇ ಪ್ರಶ್ನೆ ಕೇಳಿ: ನಾಳೆ ವಿಟ್ಲಪಿಂಡಿ ಆಗುವುದು ಎಂತದು? ಇಂಗ್ಲಿಷಿನಲ್ಲಿ ‘-ಇಂಗ್’ ಕೊನೆಯ ಕ್ರಿಯಾಪದದಿಂದ ಶುರುವಾದ ತುಂಡಿಗೆ ಸ್ವಂತ ಕರ್ತೃ ಇಲ್ಲದಿದ್ದರೆ, ಅಲ್ಪವಿರಾಮ ದಾಟಿದ ಕೂಡಲೇ ಸಿಗುವ ಕರ್ತೃವೇ ಅದಕ್ಕೆ ಸೇರುತ್ತದೆ. ಅಂದರೆ ನಿಮ್ಮ ಆಫೀಸೇ ವಿಟ್ಲಪಿಂಡಿ ಆಯಿತು. ‘ಇಟ್ ಬೀಯಿಂಗ್ ವಿಟ್ಲಪಿಂಡಿ ಟುಮಾರೋ’ ಅಂತ ಕರ್ತೃ ಕೊಟ್ಟರೆ ವ್ಯಾಕರಣ ಸರಿಯಾಗ್ತದೆ, ಆದರೆ ನೋಟಿಸಿಗೆ ಬಿಗಿ ಆಯಿತು. ‘ದಿ ಆಫೀಸ್ ವಿಲ್ ರಿಮೇನ್ ಕ್ಲೋಸ್ಡ್ ಟುಮಾರೋ ಆನ್ ಅಕೌಂಟ್ ಆಫ್ ವಿಟ್ಲಪಿಂಡಿ’ ಸಾಕು.

ಮೂರನೆಯದಕ್ಕೆ ಯಾರಾದರೂ ಲೆಕ್ಚರರ್ ಬಂದು ಬರೆಯಲಿ.

ಬಿಜೈ_ಓದುಗ (ಮಂಗಳೂರು)

‘ಲಿಸ್ಟ್’ ಕಲೆಕ್ಟಿವ್ ನೌನ್, ಅಂದರೆ ಗುಂಪನ್ನು ಹೇಳುವ ಪದ, ಅಲ್ಲವಾ? ಬ್ರಿಟಿಷರು ‘ದಿ ಕಮಿಟಿ ಹ್ಯಾವ್ ಡಿಸೈಡೆಡ್’ ಅಂತ ಬರೆಯುತ್ತಾರೆ. ನಾವು ಬ್ರಿಟಿಷ್ ಇಂಗ್ಲಿಷ್ ಕಲಿತವರು, ‘ಲಿಸ್ಟ್ ಹ್ಯಾವ್’ ಕೂಡ ನಡೆಯಬೇಕು.

ಕುಂದಾಪುರ_ಲೆಕ್ಚರರ್

ಬಿಜೈಯವರೇ, ನಡೆಯುವುದಿಲ್ಲ. ಕಮಿಟಿ, ಸ್ಟಾಫ್, ಟೀಮ್, ಇವುಗಳಲ್ಲಿ ಇರುವುದು ಮನುಷ್ಯರು. ಒಳಗಿನವರು ಒಬ್ಬೊಬ್ಬರಾಗಿ ಏನೋ ಮಾಡುತ್ತಾರೆ ಅಂತ ತೋರಿಸಲಿಕ್ಕೆ ಬ್ರಿಟಿಷರು ಬಹುವಚನ ಹಾಕುತ್ತಾರೆ. ಕಮಿಟಿಯವರು ತಮ್ಮತಮ್ಮಲ್ಲೇ ಜಗಳ ಆಡಬಹುದು, ಲಿಸ್ಟ್ ತನ್ನೊಳಗೆ ಜಗಳ ಆಡುವುದಿಲ್ಲ. ಅದು ಒಂದು ಹಾಳೆ. ಬ್ರಿಟನ್ನಿನಲ್ಲೂ ‘ದಿ ಲಿಸ್ಟ್ ಹ್ಯಾಸ್’.

ಹಂಪನಕಟ್ಟೆಯವರ ಬ್ರ್ಯಾಕೆಟ್ ಒಳ್ಳೆಯ ಸಾಧನ, ಆದರೆ ಅದಕ್ಕೂ ಸಿಕ್ಕದ ಜಾಗ ಉಂಟು. ‘ಎ ನಂಬರ್ ಆಫ್ ಬಸಸ್ ಹ್ಯಾವ್ ಬೀನ್ ಕ್ಯಾನ್ಸಲ್ಡ್’ ಇದರಲ್ಲಿ ‘ಆಫ್ ಬಸಸ್’ ಕತ್ತರಿಸಿದರೆ ‘ಎ ನಂಬರ್ ಹ್ಯಾವ್’ ಉಳಿಯುತ್ತದೆ, ಆದರೂ ಮೂಲ ವಾಕ್ಯ ಸರಿ. ಯಾಕೆಂದರೆ ‘ಎ ನಂಬರ್ ಆಫ್’, ‘ಎ ಲಾಟ್ ಆಫ್’ ಅನ್ನುವುದು ನಮ್ಮ ‘ಸುಮಾರು’, ‘ತುಂಬ’ ಇದ್ದ ಹಾಗೆ, ಲೆಕ್ಕ ಹೇಳುವ ವಿಶೇಷಣ ಅಷ್ಟೇ. ಕ್ಯಾನ್ಸಲ್ ಆದದ್ದು ಬಸ್ಸು. ‘ಎ’ ತೆಗೆದು ‘ದಿ’ ಹಾಕಿದ ಕೂಡಲೇ ಲೆಕ್ಕ ತಿರುಗುತ್ತದೆ: ‘ದಿ ನಂಬರ್ ಆಫ್ ಬಸಸ್ ಹ್ಯಾಸ್ ಕಮ್ ಡೌನ್’. ಇಳಿದದ್ದು ಸಂಖ್ಯೆ, ಬಸ್ಸಲ್ಲ. ಪ್ರತಿ ಸಲ ಕೇಳಬೇಕಾದದ್ದು ಒಂದೇ, ಕ್ರಿಯಾಪದದ ಕೆಲಸ ಮಾಡಿದ್ದು ಅಥವಾ ಅನುಭವಿಸಿದ್ದು ಯಾವುದು ಅಂತ. ದೂರ, ದುಡ್ಡು, ಹೊತ್ತು ಇವನ್ನು ಒಟ್ಟು ಮೊತ್ತವಾಗಿ ಹೇಳಿದರೆ ಏಕವಚನ: ‘ಸಿಕ್ಸ್‌ಟಿ ಕಿಲೋಮೀಟರ್ಸ್ ಈಸ್ ನಾಟ್ ಎ ಲಾಂಗ್ ಡ್ರೈವ್’.

‘ಅಲಾಂಗ್ ವಿತ್’, ‘ಆಸ್ ವೆಲ್ ಆಸ್’ ಬಂದಾಗ ಮಾತ್ರ ಕಣ್ಣು ಮುಚ್ಚಿ ಬ್ರ್ಯಾಕೆಟ್ ಹಾಕಿ. ‘ದಿ ಹೆಡ್‌ಮಿಸ್ಟ್ರೆಸ್, ಅಲಾಂಗ್ ವಿತ್ ದಿ ಟೀಚರ್ಸ್, ಈಸ್ ಅಟೆಂಡಿಂಗ್’. ‘ಅಂಡ್’ ಹಾಕಿದರೆ ‘ಆರ್’.

ಈ ‘ಲಿಸ್ಟ್ ಹ್ಯಾವ್’ ತಪ್ಪು ನಮ್ಮವರ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಕನ್ನಡದಲ್ಲೇ ಉಂಟು. ‘ಪಾಸಾದ ವಿದ್ಯಾರ್ಥಿಗಳ ಪಟ್ಟಿ ಬಂದಿದೆ.’ ನೋಡಿ, ನಮ್ಮಲ್ಲಿ ಯಜಮಾನ ಪದವಾದ ‘ಪಟ್ಟಿ’ ಕೊನೆಗೆ ಬರುತ್ತದೆ, ಕ್ರಿಯಾಪದದ ಪಕ್ಕದಲ್ಲೇ ಕೂರುತ್ತದೆ. ಪಕ್ಕದ ಪದ ನೋಡಿ ಕ್ರಿಯಾಪದ ಹಾಕುವುದು ನಮಗೆ ಅಭ್ಯಾಸ. ಇಂಗ್ಲಿಷಿನಲ್ಲಿ ಯಜಮಾನ ಮೊದಲೇ ಬಂದು, ನಡುವೆ ನಾಲ್ಕೈದು ಪದ ಸೇರಿಕೊಂಡು, ಕ್ರಿಯಾಪದದ ಪಕ್ಕಕ್ಕೆ ಬೇರೆ ಯಾರೋ ಬಂದು ಕೂತಿರುತ್ತಾರೆ. ಅಲ್ಲದೆ ‘ಪಾಸಾದ’ ಅನ್ನುವ ಪದಕ್ಕೆ ಏಕವಚನ, ಬಹುವಚನದ ಭೇದವೇ ಇಲ್ಲ, ಒಬ್ಬ ಪಾಸಾದರೂ ನೂರು ಜನ ಪಾಸಾದರೂ ‘ಪಾಸಾದ’. ಇಂಗ್ಲಿಷಿನಲ್ಲಿ ಆ ‘ಹೂ’ ಒಳಗೇ ಮತ್ತೊಂದು ‘ಹ್ಯಾಸ್–ಹ್ಯಾವ್’ ಕಾದಿರುತ್ತದೆ. ಹಾಗೆಂದು ಹೆದರಬೇಡಿ, ಇಂಗ್ಲಿಷ್ ತಾಯ್ನುಡಿಯವರೂ ಉದ್ದ ವಾಕ್ಯದಲ್ಲಿ ಇದೇ ತಪ್ಪು ಮಾಡುತ್ತಾರೆ.

‘ಯೆಸ್ಟರ್‌ಡೇ’ ಕೂಡ ಹಾಗೇ. ‘ನಿನ್ನೆ ಹಾಕಿದ್ದೇವೆ’ ಅಪ್ಪಟ ಕನ್ನಡ. ‘ಹಾಕಿದ್ದೇವೆ’ಗೆ ಎದುರು ‘ಹ್ಯಾವ್ ಪುಟ್’ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿರುತ್ತಾರೆ, ‘ನಿನ್ನೆ’ ಕೂಡ ಅದರ ಜತೆಗೇ ಹೋಗಿಬಿಡುತ್ತದೆ. ಇಂಗ್ಲಿಷಿನ ‘ಹ್ಯಾವ್’ ಈಗಿನ ಹೊತ್ತಿಗೆ ಕಟ್ಟಿಹಾಕಿದ್ದು: ‘ಟುಡೇ’, ‘ದಿಸ್ ವೀಕ್’, ‘ಆಲ್ರೆಡಿ’, ‘ಸಿನ್ಸ್ ಯೆಸ್ಟರ್‌ಡೇ’ ಇವೆಲ್ಲ ಒಗ್ಗುತ್ತವೆ. ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಟೂ ಡೇಸ್ ಅಗೋ’, ‘ಇನ್ 2019’ ಒಗ್ಗುವುದಿಲ್ಲ.

ಆದರೆ ಇದನ್ನು ಓದಿ ‘ಹ್ಯಾವ್’ ಮತ್ತು ‘ಯೆಸ್ಟರ್‌ಡೇ’ ಒಟ್ಟಿಗೆ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯಬೇಡಿ. ‘ಶಿ ಮಸ್ಟ್ ಹ್ಯಾವ್ ಲೆಫ್ಟ್ ಯೆಸ್ಟರ್‌ಡೇ’ ಸರಿ. ‘ಹ್ಯಾವಿಂಗ್ ಅರೈವ್ಡ್ ಯೆಸ್ಟರ್‌ಡೇ, ದೇ ಆರ್ ಟೈರ್ಡ್’ ಕೂಡ ಸರಿ. ‘ಮಸ್ಟ್’ ನಂತರ ‘ಲೆಫ್ಟ್’ ನೇರವಾಗಿ ಬರುವ ಹಾಗಿಲ್ಲ, ಭೂತಕಾಲ ಹೇಳಲಿಕ್ಕೆ ‘ಹ್ಯಾವ್’ ಒಂದೇ ದಾರಿ. ನಿಯಮ ಬೀಳುವುದು ವರ್ತಮಾನದ ‘ಹ್ಯಾವ್–ಹ್ಯಾಸ್’ ಮೇಲೆ ಮಾತ್ರ.

ಮೂರನೆಯ ವಾಕ್ಯ. ‘ರಿಕ್ವೆಸ್ಟ್’, ‘ಡಿಮಾಂಡ್’, ‘ಸಜೆಸ್ಟ್’, ‘ರೆಕಮೆಂಡ್’ ಇವುಗಳ ಮುಂದೆ ‘ದ್ಯಾಟ್’ ಬಂದು, ಹೀಗೆ ಆಗಲಿ ಅನ್ನುವ ಭಾವ ಇದ್ದರೆ ಕ್ರಿಯಾಪದ ಬರಿಮೈಯಲ್ಲಿ ಬರುತ್ತದೆ, ‘ಎಸ್’ ಇಲ್ಲ. ಅನುಮಾನ ಬಂದರೆ ಅಲ್ಲಿಗೆ ‘ಈಸ್’ ಬೇಕಾದ ಒಂದು ವಾಕ್ಯ ಹಾಕಿ ನೋಡಿ: ‘ಇಟ್ ಈಸ್ ರಿಕ್ವೆಸ್ಟೆಡ್ ದ್ಯಾಟ್ ಹಿ ಬಿ ಪ್ರೆಸೆಂಟ್’. ‘ಬಿ’ ಕೂರುತ್ತದೆ ಎಂದಾದರೆ ‘ಅಟೆಂಡ್’ ಕೂಡ ಕೂರುತ್ತದೆ. ಇಲ್ಲ ಅನ್ನಬೇಕಾದರೂ ‘ಡಸ್’ ಬೇಡ, ‘ದ್ಯಾಟ್ ಹಿ ನಾಟ್ ಅಟೆಂಡ್’. ಬ್ರಿಟನ್ನಿನಲ್ಲಿ ‘ಶುಡ್ ಅಟೆಂಡ್’ ಹೆಚ್ಚು ಬಳಕೆ, ‘ಅಟೆಂಡ್ಸ್’ ಕೂಡ ಕೆಲವರು ಬರೆಯುತ್ತಾರೆ. ಹಾಗಾಗಿ ಸಾಫ್ಟ್‌ವೇರ್ ಹೇಳಿದ್ದು ಘೋರ ಅಪರಾಧ ಅಲ್ಲ. ಆದರೆ ಸರಿಯಿದ್ದದ್ದನ್ನು ತಿದ್ದು ಅಂತ ಹೇಳಿತಲ್ಲ, ಅಲ್ಲಿ ಎಡವಿತು.

ಒಂದು ‘ಎಸ್’ ಅರ್ಥವನ್ನೇ ಬದಲಿಸುವುದು ‘ಇನ್‌ಸಿಸ್ಟ್’ ಜತೆ. ‘ಶಿ ಇನ್‌ಸಿಸ್ಟ್ಸ್ ದ್ಯಾಟ್ ಹಿ ಅಟೆಂಡ್ ದಿ ಕ್ಲಾಸ್’ ಅಂದರೆ ಅವನು ಕ್ಲಾಸಿಗೆ ಬರಲೇಬೇಕು ಅಂತ ಪಟ್ಟು. ‘ಅಟೆಂಡ್ಸ್’ ಅಂದರೆ, ಅವನು ಬರ್ತಾ ಇದ್ದಾನೆ, ನೀವು ಸುಮ್ಮನೆ ಇಲ್ಲ ಅನ್ನಬೇಡಿ ಅಂತ ವಾದ. ಹಾಜರಾತಿ ಕಡಿಮೆಯಾದ ಹುಡುಗನ ಬಗ್ಗೆ ಬರೆಯುವ ಪತ್ರದಲ್ಲಿ ಇದು ದೊಡ್ಡ ವ್ಯತ್ಯಾಸ.

ಕಡಿಯಾಳಿ_ಕಚೇರಿ

ತುಂಬ ಥ್ಯಾಂಕ್ಸ್ ಸರ್. ಇನ್ನೊಂದು ಸಂಶಯ. ‘ವಿ ವಿಲ್ ಡಿಸ್ಕಸ್ ಅಬೌಟ್ ದಿ ಫೀಸ್’ ತಪ್ಪು ಅಂತಾರೆ. ಗೂಗಲಿನಲ್ಲಿ ‘ಡಿಸ್ಕಸ್ ಅಬೌಟ್’ ಹಾಕಿದರೆ ರಾಶಿ ರಾಶಿ ಸಿಗ್ತದೆ. ಇಷ್ಟು ಜನ ಬರೆದದ್ದು ತಪ್ಪಾ? ‘ಪ್ರಿಪೋನ್’, ‘ಡು ದಿ ನೀಡ್‌ಫುಲ್’ ಕೂಡ ಬಿಡಬೇಕಾ?

ಮಣಿಪಾಲ_ಕಾರ್ಪಸ್

ಗೂಗಲ್ ತೋರಿಸುವ ಸಂಖ್ಯೆ ಅಂದಾಜಿನದ್ದು, ಅದರ ಮೇಲೆ ತೀರ್ಪು ಕೊಡಬೇಡಿ. ಮೊದಲು ಸಿಕ್ಕಿದ ಇಪ್ಪತ್ತು ಫಲಿತಾಂಶ ತೆರೆದು ಓದಿ. ಅರ್ಧಕ್ಕರ್ಧ ‘ಡಿಸ್ಕಸ್ ಅಬೌಟ್ ಸರಿಯಾ ತಪ್ಪಾ’ ಅಂತ ಕೇಳುವ ಪುಟಗಳೇ ಇದ್ದರೆ ಆಶ್ಚರ್ಯ ಪಡಬೇಡಿ.

ಎಣಿಸುವುದಾದರೆ ಕಾರ್ಪಸ್ ಒಳಗೆ ಎಣಿಸಿ, ಅಂದರೆ ಜನ ನಿಜವಾಗಿ ಬಳಸಿದ ಭಾಷೆಯನ್ನು ಹುಡುಕಲಿಕ್ಕೆ ಆಗುವ ಹಾಗೆ ಕೂಡಿಸಿಟ್ಟ ದೊಡ್ಡ ಸಂಗ್ರಹದಲ್ಲಿ. ಬ್ರಿಟಿಷ್ ಇಂಗ್ಲಿಷಿಗೆ ಬಿಎನ್‌ಸಿ, 10 ಕೋಟಿ ಪದಗಳದ್ದು, ಬಹುಪಾಲು 1990ರ ಆಸುಪಾಸಿನ ಬರಹ. ಅಮೆರಿಕನ್ನಿಗೆ ಕೋಕಾ, 1990ರಿಂದ 2019ರವರೆಗಿನದ್ದು, 100 ಕೋಟಿ ಪದಕ್ಕೂ ಮೇಲೆ. ನಮಗೆ ಹೆಚ್ಚು ಉಪಯೋಗದ್ದು ಗ್ಲೋಬ್ ಅಂತ ಕರೆಯುವ ವೆಬ್ ಕಾರ್ಪಸ್: ಭಾರತವೂ ಸೇರಿ 20 ದೇಶಗಳ ಜಾಲತಾಣಗಳಿಂದ ತೆಗೆದ 190 ಕೋಟಿ ಪದ. ಒಂದೇ ಪದಗುಚ್ಛ ಬ್ರಿಟನ್ನಿನಲ್ಲಿ ಎಷ್ಟು, ಭಾರತದಲ್ಲಿ ಎಷ್ಟು ಅಂತ ಪಕ್ಕ ಪಕ್ಕದಲ್ಲೇ ಕಾಣುತ್ತದೆ. ಖಾತೆ ಮಾಡಿಕೊಳ್ಳಬೇಕು, ಉಚಿತ ಖಾತೆಗೆ ಹುಡುಕಾಟದ ಮಿತಿ ಉಂಟು.

ಹುಡುಕುವಾಗ ‘ಡಿಸ್ಕಸ್’ ಅನ್ನು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಹಾಕಿ, ಆಗ ‘ಡಿಸ್ಕಸಸ್’, ‘ಡಿಸ್ಕಸ್ಡ್’, ‘ಡಿಸ್ಕಸಿಂಗ್’ ಎಲ್ಲ ಒಟ್ಟಿಗೆ ಬರುತ್ತವೆ. ‘ಡಿಸ್ಕಶನ್’ ಬೇರೆ ವಿಷಯ, ಅದು ನಾಮಪದ, ‘ಡಿಸ್ಕಶನ್ ಅಬೌಟ್ ದಿ ಫೀಸ್’ ಸರಿಯೇ. ಸಿಕ್ಕಿದ್ದನ್ನೂ ಹಾಗೇ ನುಂಗಬೇಡಿ. ‘ದೇ ಡಿಸ್ಕಸ್ಡ್ ಅಬೌಟ್ ಟ್ವೆಂಟಿ ಪ್ರಪೋಸಲ್ಸ್’ ಅನ್ನುವುದೂ ಲೆಕ್ಕಕ್ಕೆ ಸೇರಿರುತ್ತದೆ, ಅಲ್ಲಿನ ‘ಅಬೌಟ್’ ಅಂದರೆ ‘ಸುಮಾರು’. ವಾಕ್ಯ ಓದದೆ ಬರೀ ಅಂಕಿ ಹಿಡಿದು ಹೊರಟರೆ ಹೀಗೇ ಮೋಸ ಹೋಗುವುದು. ಗೂಗಲ್ ಎನ್‌ಗ್ರಾಮ್ ಕೂಡ ಆಗಬಹುದು, ಆದರೆ ಅದು ಐದು ಪದ ದಾಟುವುದಿಲ್ಲ, ಮುದ್ರಿತ ಪುಸ್ತಕಗಳನ್ನು ಮಾತ್ರ ನೋಡುತ್ತದೆ. ನಿಮ್ಮ ‘ಲಿಸ್ಟ್ ಆಫ್ ಸ್ಟೂಡೆಂಟ್ಸ್ ಹೂ ಹ್ಯಾವ್ ಪಾಸ್ಡ್ ಹ್ಯಾವ್’ ಅದಕ್ಕೆ ಹಿಡಿಯುವುದೇ ಇಲ್ಲ.

‘ಡಿಸ್ಕಸ್ ಅಬೌಟ್’ ನಮ್ಮ ‘ಬಗ್ಗೆ’ಯಿಂದ ಬಂದದ್ದು, ‘ಫೀಸಿನ ಬಗ್ಗೆ ಚರ್ಚೆ’. ‘ಡಿಸ್ಕಸ್’ಗೆ ಕರ್ಮ ನೇರವಾಗಿ ಅಂಟಿಕೊಳ್ಳುತ್ತದೆ, ‘ಡಿಸ್ಕಸ್ ದಿ ಫೀಸ್’. ‘ಟಾಕ್’ಗೆ ಮಾತ್ರ ‘ಅಬೌಟ್’ ಬೇಕು. ಭಾರತದಲ್ಲಿ ಬಳಕೆ ಉಂಟು, ಆದರೆ ಪರೀಕ್ಷೆಯಲ್ಲಿ, ನೋಟಿಸಿನಲ್ಲಿ ತಪ್ಪು ಅಂತಲೇ ಲೆಕ್ಕ. ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಉಂಟು, ಭಾರತೀಯ ಬಳಕೆ ಅಂತ ಗುರುತು ಹಾಕಿ. ವ್ಯಾಕರಣದ ತಕರಾರೇ ಇಲ್ಲ, ಇಲ್ಲಿನ ಪೋಷಕರಿಗೆ ಧಾರಾಳವಾಗಿ ಬರೆಯಿರಿ. ‘ಡು ದಿ ನೀಡ್‌ಫುಲ್’ ವ್ಯಾಕರಣಕ್ಕೆ ಪೂರಾ ಸರಿ, ಸ್ವಲ್ಪ ಹಳೇ ಫೈಲಿನ ವಾಸನೆ ಬರ್ತದೆ ಅಷ್ಟೇ. ವಾಕ್ಯದ ಕೊನೆಗೆ ‘ವಿತ್’, ‘ಫಾರ್’ ಬರಬಾರದು ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. 1672ರಲ್ಲಿ ಕವಿ ಡ್ರೈಡನ್ ಎತ್ತಿದ ತಕರಾರು ಅದು, ಇಂಗ್ಲಿಷ್ ಮಾತಾಡುವವರು ಅವತ್ತಿನಿಂದ ಇವತ್ತಿನವರೆಗೂ ಕೇರ್ ಮಾಡಲಿಲ್ಲ.

ಹಂಪನಕಟ್ಟೆ_ಪ್ರೂಫ್

ಕಿವಿ ಎಷ್ಟು ಮೋಸ ಮಾಡ್ತದೆ ಅಂತ ಎರಡು ವಾಕ್ಯ ಕೊಡ್ತೇನೆ, ನಿಮ್ಮ ಸ್ಟಾಫ್ ರೂಮಿನಲ್ಲಿ ಓದಿ ನೋಡಿ.

‘ಮೋರ್ ಪೀಪಲ್ ಹ್ಯಾವ್ ಬೀನ್ ಟು ಆಗುಂಬೆ ದ್ಯಾನ್ ಐ ಹ್ಯಾವ್.’ ಕೇಳಲಿಕ್ಕೆ ಚೆಂದ. ಈಗ ಕನ್ನಡ ಮಾಡಿ. ‘ನಾನು ಹೋದದ್ದಕ್ಕಿಂತ ಹೆಚ್ಚು ಜನ...’ ಅಲ್ಲಿಗೇ ನಿಂತಿತಲ್ಲ? ಜನರ ಸಂಖ್ಯೆಯನ್ನು ಎಂತದಕ್ಕೆ ಹೋಲಿಸಿದ್ದು ಅಂತ ಇಲ್ಲವೇ ಇಲ್ಲ. ‘ದ್ಯಾನ್’ ಕಂಡಾಗೆಲ್ಲ ಎರಡೂ ಕಡೆಯ ತೂಕದ ಕಲ್ಲು ಒಂದೇ ಜಾತಿಯದ್ದಾ ನೋಡಿ.

ಇನ್ನೊಂದು: ‘ದಿ ಬೋಟ್ ಫ್ಲೋಟೆಡ್ ಡೌನ್ ದಿ ನೇತ್ರಾವತಿ ಸ್ಯಾಂಕ್.’ ಹತ್ತರಲ್ಲಿ ಒಂಬತ್ತು ಜನ ತಪ್ಪು ಅನ್ನುತ್ತಾರೆ. ‘ಬೋಟ್’ ಆದ ಮೇಲೆ ‘ದ್ಯಾಟ್ ವಾಸ್’ ಸೇರಿಸಿ ಓದಿ. ನೇತ್ರಾವತಿಯಲ್ಲಿ ತೇಲಿಬಿಟ್ಟ ದೋಣಿ ಮುಳುಗಿತು. ವ್ಯಾಕರಣ ಸರಿ. ಆದರೂ ಹೀಗೆ ಬರೆದರೆ ನಾನು ಪ್ರೂಫಿನಲ್ಲಿ ಬಿಡುವುದಿಲ್ಲ. ಓದುವವ ಒಮ್ಮೆ ಎಡವಿ, ಹಿಂದೆ ಹೋಗಿ, ಮತ್ತೆ ಓದಬೇಕಾಗ್ತದೆ.

ನಮ್ಮೂರಿನ ಎರಡು ಮಾತು ಲಿಸ್ಟಿಗೆ ಸೇರಿಸಿ. ‘ಯೆಸ್ಟರ್‌ಡೇ ಓನ್ಲಿ ವಿ ಇನ್‌ಫಾರ್ಮ್ಡ್’ ನಮ್ಮ ‘ನಿನ್ನೆಯೇ’ಯ ಏಕಾರ. ಇಂಗ್ಲಿಷ್ ಓದುವವನಿಗೆ ಅದು ‘ನಿನ್ನೆ ಮಾತ್ರ’ ಅಂತ ಕೇಳ್ತದೆ. ನೋಟಿಸಿನಲ್ಲಿ ಬೇಡ, ಮಾತಿಗೆ ಅಡ್ಡಿಯಿಲ್ಲ. ಇನ್ನೊಂದು ‘ಪ್ಲೀಸ್ ಟೆಲ್ ಅಸ್ ವೇರ್ ಈಸ್ ದಿ ಆಫೀಸ್’. ‘ಆಫೀಸ್ ಎಲ್ಲಿದೆ’, ‘ಆಫೀಸ್ ಎಲ್ಲಿದೆ ಅಂತ ಹೇಳಿ’ ಎರಡಕ್ಕೂ ನಮ್ಮಲ್ಲಿ ಪದಗಳ ಸಾಲು ಒಂದೇ. ಇಂಗ್ಲಿಷಿನಲ್ಲಿ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದರೆ ‘ಈಸ್’ ಕೊನೆಗೆ: ‘ವೇರ್ ದಿ ಆಫೀಸ್ ಈಸ್’.

ಸಾಫ್ಟ್‌ವೇರ್ ಬಗ್ಗೆ. ಹೊಸದೊಂದು ಹಾಕಿಸಿಕೊಂಡರೆ ಮೊದಲು ಗೊತ್ತಿರುವ ತಪ್ಪು ಐದು, ಗೊತ್ತಿರುವ ಸರಿ ಐದು ಬೆರೆಸಿ ಕೊಟ್ಟು ಪರೀಕ್ಷೆ ಮಾಡಿ. ನಿಮ್ಮ ಮೂರು ವಾಕ್ಯವನ್ನೂ ಅದರಲ್ಲಿ ಸೇರಿಸಿ. ಎಐ ಆದರೆ ‘ಇದು ಸರಿಯಾ’ ಅಂತ ಕೇಳಬೇಡಿ, ಸರಿಯಿದ್ದದ್ದನ್ನೂ ಚೆಂದ ಮಾಡಲಿಕ್ಕೆ ಹೊರಡ್ತದೆ. ಯಾವ ಪದ, ಯಾವ ನಿಯಮ, ಆ ನಿಯಮಕ್ಕೆ ಇನ್ನೆರಡು ಉದಾಹರಣೆ ಎಂತ ಅಂತ ಕೇಳಿ. ಉದಾಹರಣೆ ತಾಳೆ ಆಗದಿದ್ದರೆ ಬಿಟ್ಟುಬಿಡಿ.

ಕಡಿಯಾಳಿ_ಕಚೇರಿ

ಕೊನೆಗೆ ಹೀಗೆ ಮಾಡಿದ್ದೇವೆ: ‘ದಿ ಲಿಸ್ಟ್ ಆಫ್ ಸ್ಟೂಡೆಂಟ್ಸ್ ಹೂ ಹ್ಯಾವ್ ಪಾಸ್ಡ್ ವಾಸ್ ಪುಟ್ ಅಪ್ ಆನ್ ದಿ ನೋಟಿಸ್ ಬೋರ್ಡ್ ಯೆಸ್ಟರ್‌ಡೇ.’ ‘ಯೆಸ್ಟರ್‌ಡೇ’ ಕೊನೆಯಲ್ಲಿ ದೂರ ಆಯಿತು, ‘ಪಾಸ್ಡ್’ ಪಕ್ಕಕ್ಕೆ ತರಬಹುದಾ ಅಂತ ಒಬ್ಬರು ಕೇಳ್ತಿದ್ದಾರೆ.

ಕುಂದಾಪುರ_ಲೆಕ್ಚರರ್

ಬೇಡ. ಅಲ್ಲಿಗೆ ತಂದರೆ ‘ಹೂ ಹ್ಯಾವ್ ಪಾಸ್ಡ್ ಯೆಸ್ಟರ್‌ಡೇ’ ಆಗಿ ಹಳೇ ತಪ್ಪು ವಾಪಸ್ ಬಂತು. ಅದನ್ನು ಸರಿಮಾಡಲು ‘ಹೂ ಪಾಸ್ಡ್ ಯೆಸ್ಟರ್‌ಡೇ’ ಅಂದರೆ ನಿನ್ನೆ ಪಾಸಾದವರ ಪಟ್ಟಿ ಅಂತ ಅರ್ಥವಾಗುತ್ತದೆ, ಮೊನ್ನೆ ಫಲಿತಾಂಶ ಬಂದವರ ಮನೆಯಿಂದ ಫೋನ್ ಶುರು. ದೂರ ಅನ್ನಿಸಿದರೆ ವಾಕ್ಯದ ಶುರುವಿಗೇ ಹಾಕಿ: ‘ಯೆಸ್ಟರ್‌ಡೇ, ದಿ ಲಿಸ್ಟ್ ಆಫ್...’ ಇಲ್ಲದಿದ್ದರೆ ಈಗಿರುವ ಜಾಗವೇ ಚೆನ್ನಾಗಿದೆ. ‘ನೋಟಿಸ್ ಬೋರ್ಡ್’ ಎರಡು ಪದವಾಗಿ ಬಿಡಿಸಿ ಬರೆಯಿರಿ, ಸೇರಿಸಬೇಡಿ. ಮತ್ತೆ, ಆ ನೋಟಿಸಿನ ಕೆಳಗೆ ‘ಆಲ್ ಸ್ಟಾಫ್ಸ್’ ಅಂತ ಇದ್ದರೆ ಪ್ರಿಂಟ್ ಹೊಡೆಯುವ ಮೊದಲು ಆ ಕೊನೆಯ ‘ಎಸ್’ ತೆಗೆಯಿರಿ.